ನಾನೂರಿಪ್ಪತ್ತನೇ ನಂಬರಿನ ಫೋನು

ಯಾರೂ ಎತ್ತದೆ ಬಡಿದುಕೊಳ್ಳುತ್ತಿರುವ ಫೋನಿನ ಸದ್ದು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊನ್ನೆ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಯಾವುದೋ ಖಾಲಿ ಮೇಜಿನ ಮೇಲೆ ಫೋನು ಕೂಗುತ್ತಲೇ ಇತ್ತು. ತಡೆಯಲಾಗದೆ, 'ಎತ್ರಿ ಅದನ್ನ, ಆ ಕಡೆ ಯಾರೋ ಪಾಪ ಕಾಯ್ತಾ ಇರ್ತಾರೆ' ಎಂದು ಗದರಿಬಿಟ್ಟೆ. ಕ್ಯಾಷಿಯರ್ ನನ್ನನ್ನು ತಲೆ ಕೆಟ್ಟವಳ ಹಾಗೆ ನೋಡಿದ. ನೋಡಲಿ. ಅವನಿಗೇನು ಗೊತ್ತು.

ನಾನು ಒಂದು ವಿಶ್ವವಿದ್ಯಾಲಯಕ್ಕೆ ಸೇರಿದ, ನ್ಯಾಮತಿ ಊರಿನ ಅಧ್ಯಯನ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದೆ. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಹೆಸರು ಹೇಳಿದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಕೇಂದ್ರ ಎಂದರೆ ದೊಡ್ಡದೇನಲ್ಲ, ಗೊಬ್ಬರದ ಅಂಗಡಿಯ ಮೇಲೆ ಎರಡು ಬಾಡಿಗೆ ಕೋಣೆ. ಕೆಳಗಿನಿಂದ ಗೊಬ್ಬರದ ಘಾಟು, ಮೇಲಿನಿಂದ ಶೀಟಿನ ಕಾವು. ಮದುವೆಯಾಗಿ ಓದು ಬಿಟ್ಟವರು, ಕೆಲಸಕ್ಕೆ ಸೇರಿ ಓದು ಬಿಟ್ಟವರು ಭಾನುವಾರ ಬಂದು ಪಾಠ ಕೇಳಿ, ಅಲ್ಲಿಯೇ ಪರೀಕ್ಷೆ ಬರೆದು ಬಿ.ಎ. ಮುಗಿಸುತ್ತಿದ್ದರು. ನಾನು ಇತಿಹಾಸ ಹೇಳಿಕೊಡುತ್ತಿದ್ದೆ. ಇಂಥವೇ ಕೇಂದ್ರಗಳು ಹೊನ್ನಾಳಿ, ಚನ್ನಗಿರಿ, ಜಗಳೂರಿನಲ್ಲೂ ಇದ್ದವು.

ಮೊದಲು ವಿಶ್ವವಿದ್ಯಾಲಯಕ್ಕೆ ಇದ್ದದ್ದು ಒಂದೇ ಲ್ಯಾಂಡ್‌ಲೈನ್ ನಂಬರು, ಅದನ್ನು ಎತ್ತಲು ಒಬ್ಬ ಆಪರೇಟರ್. ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು 'ಯಾರ್ ಬೇಕ್ರೀ' ಎಂದು ರೇಗುತ್ತಿದ್ದ. ಮರ್ಯಾದೆ ಅನ್ನುವುದು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಎತ್ತುತ್ತಿದ್ದ. ಸಾಹೇಬರು ಇಲ್ಲದಿದ್ದರೆ ಇಲ್ಲ ಎನ್ನುತ್ತಿದ್ದ, ಊಟಕ್ಕೆ ಹೋಗಿದ್ದರೆ ಊಟಕ್ಕೆ ಹೋಗಿದ್ದಾರೆ ಎನ್ನುತ್ತಿದ್ದ. ಅವನು ನಿವೃತ್ತನಾದ ಮೇಲೆ ಆ ಜಾಗಕ್ಕೆ ಇನ್ನೊಬ್ಬ ಮನುಷ್ಯನನ್ನು ತರುವ ಬದಲು ಇಂಟರ್ನೆಟ್ ಫೋನು ತರುವುದೆಂದು ತೀರ್ಮಾನವಾಯಿತು. ಪ್ರತಿ ಮೇಜಿಗೂ ಒಂದು ಫೋನು, ಪ್ರತಿ ಫೋನಿಗೂ ಮೂರಂಕಿಯ ನಂಬರು, ನಮ್ಮ ನಾಲ್ಕು ತಾಲ್ಲೂಕಿನ ಕೇಂದ್ರಗಳಿಗೂ ಅದೇ ಜಾಲ. ವಿದ್ಯಾರ್ಥಿಗಳಿಗೆಂದೇ ಒಂದು ಸಹಾಯವಾಣಿ. ಇನ್ನು ಮೇಲೆ ಒಂದು ಅಂಕಪಟ್ಟಿ ತಿದ್ದಿಸಲು ಜಗಳೂರಿನಿಂದ ಬಸ್ಸು ಹತ್ತಿ ಬರುವ ಗೋಳಿಲ್ಲ ಎಂದರು. ನಾನು ನಂಬಿದೆ. ತರಗತಿಯಲ್ಲಿ ಎಲ್ಲರಿಗೂ ಹೇಳಿ ಖುಷಿಪಟ್ಟೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ರೇಗುತ್ತದೆ.

ಫೋನು ಹಾಕಿಸುವ ಸಮಿತಿಯಲ್ಲಿ ಕೇಂದ್ರಗಳ ಪರವಾಗಿ ನನ್ನನ್ನು ಸೇರಿಸಿದ್ದರು. ಈ ಫೋನುಗಳಿಗೆ ಕರೆಂಟು ಬೇಕು, ನಮ್ಮಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು, ಅದಕ್ಕೇನು ಮಾಡುವುದು ಎಂದು ಕೇಳಬೇಕೆಂದುಕೊಂಡು ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಸಭೆಗೆ ಹೋದೆ. ಆ ಮಾತು ಬಾಯಿಗೆ ಬರಲು ಅವಕಾಶವೇ ಸಿಗಲಿಲ್ಲ. ಅವತ್ತು ಇಡೀ ಸಭೆ ನಡೆದದ್ದು ಯಾರಿಗೆ ಯಾವ ನಂಬರು ಎಂಬುದರ ಮೇಲೆ.

ಫೋನು ಕಂಪನಿಯ ಎಂಜಿನಿಯರ್ ಎದ್ದು, 'ನಂಬರ್ ಯಾವ್ದಾದ್ರೂ ಒಂದೇ ಸರ್, ಯಾವ್ದು ಬೇಕಾದ್ರೂ ಯಾರಿಗೆ ಬೇಕಾದ್ರೂ ಕೊಡ್ಬೋದು' ಎಂದ. ಎಲ್ಲರೂ ಅವನನ್ನು ಕೆಟ್ಟ ಮಾತಾಡಿದವನ ಹಾಗೆ ನೋಡಿದರು. ನಂಬರು ಸೇವಾ ಹಿರಿತನದ ಪ್ರಕಾರವೇ ಬರಬೇಕು ಎಂದು ಒಬ್ಬರು ಮೇಜು ಕುಟ್ಟಿದರು. ಕುಲಪತಿಗಳಿಗೆ ನೂರ ಒಂದು, ಕುಲಸಚಿವರಿಗೆ ನೂರ ಎರಡು. ಅಲ್ಲಿಯವರೆಗೆ ತಕರಾರಿಲ್ಲ. ನೂರ ಹನ್ನೊಂದಕ್ಕೆ ಬಂದಾಗ ಗಾಡಿ ನಿಂತಿತು. ಆ ನಂಬರಿಗೆ ಇಬ್ಬರು ಪ್ರಾಧ್ಯಾಪಕರು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಬ್ಬರು ಬೆಳಗ್ಗೆ, ಇನ್ನೊಬ್ಬರು ಮಧ್ಯಾಹ್ನ. ಆದರೆ ನೇಮಕಾತಿ ಆದೇಶದಲ್ಲಿ ಮಧ್ಯಾಹ್ನದವರ ಹೆಸರು ಮೇಲಿತ್ತು.

'ಅವರು ಬಂದು ರಿಪೋರ್ಟ್ ಮಾಡ್ಕಣಾ ಹೊತ್ತಿಗೆ ನಾನು ಊಟ ಮುಗಿಸಿ ಕೈ ತೊಳೀತಿದ್ದೆ' ಎಂದರು ಬೆಳಗಿನವರು.

'ಮೊದ್ಲು ಉಂಡೋರೆಲ್ಲ ಸೀನಿಯರ್ ಆಗಲ್ರೀ. ಆರ್ಡರ್‌ನಾಗೆ ಯಾರ ಹೆಸ್ರು ಮೇಲೈತೆ ನೋಡ್ರಿ' ಎಂದರು ಮಧ್ಯಾಹ್ನದವರು.

ಇಬ್ಬರೂ ಡಾಕ್ಟರೇಟ್ ಮಾಡಿದವರು. ಒಬ್ಬರ ಕೈಯಲ್ಲಿ ನಾನೇ ಓದಿದ್ದೆ. ಅವರ ತುಟಿಯ ಅಂಚಿನಲ್ಲಿ ಎಂಜಲು ಕಟ್ಟಿಕೊಂಡದ್ದನ್ನು ನೋಡಲಾಗದೆ ನಾನು ಫ್ಯಾನಿನ ಕಡೆ ನೋಡುತ್ತ ಕೂತೆ. ಸಭೆ ಮುಂದಕ್ಕೆ ಹೋಯಿತು, ಇನ್ನೊಂದು ಸಭೆಯಾಯಿತು, ಮತ್ತೊಂದಾಯಿತು. ಅಷ್ಟರಲ್ಲಿ ಹಳೆಯ ಲ್ಯಾಂಡ್‌ಲೈನ್ ತೆಗೆಸಿಯೂ ಆಗಿತ್ತು. ಕೊನೆಗೆ ನೂರ ಹನ್ನೊಂದನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟು ಇಬ್ಬರನ್ನೂ ಸಮಾಧಾನ ಮಾಡಿದರು.

ಆಮೇಲೆ ನಾನೂರರ ಸಾಲು. ಅದು ಕಚೇರಿ ವಿಭಾಗಗಳದ್ದು. ಲೆಕ್ಕ ಹಾಕುತ್ತ ಬಂದಾಗ ನಾನೂರಿಪ್ಪತ್ತು ಪರೀಕ್ಷಾ ವಿಭಾಗದ ಉಪಕುಲಸಚಿವರಿಗೆ ಬಿತ್ತು. ಅವರ ಮುಖ ಕಪ್ಪಿಟ್ಟಿತು. 'ನನ್ನನ್ನ ಫೋರ್ ಟ್ವೆಂಟಿ ಅಂತ ಎಲ್ಲಾರೂ ಆಡ್ಕಣಾಕೆ ದಾರಿ ಮಾಡ್ತೀರೇನ್ರೀ?' ಎಂದರು. ಪಕ್ಕದ ಹಣಕಾಸು ವಿಭಾಗದವರಿಗೆ ಕೊಡೋಣ ಎಂದರೆ ಅವರು ಕುರ್ಚಿ ಬಿಟ್ಟೇ ಎದ್ದರು. ಕಟ್ಟಡ ವಿಭಾಗದವರ ಹೆಸರು ಬಂದಾಗ ಎಲ್ಲರೂ ನಕ್ಕರು, ಅವರೊಬ್ಬರು ನಗಲಿಲ್ಲ. ಆ ನಂಬರನ್ನೂ ಖಾಲಿ ಬಿಡಬಾರದೇಕೆ ಎಂದು ಎಂಜಿನಿಯರ್ ಕೇಳಿದ.

'ಈಗಾಗ್ಲೇ ಒಂದು ಖಾಲಿ ಬಿಟ್ಟೀವಿ. ಇನ್ನೊಂದು ಬಿಟ್ರೆ ಆಡಿಟ್‌ನೋರು ಕೇಳ್ತಾರೆ' ಎಂದರು ಉಪಕುಲಸಚಿವರು. ಆಮೇಲೆ ಅವರಿಗೇ ಹೊಳೆಯಿತು. 'ಸಹಾಯವಾಣಿಗೆ ಹಾಕ್ರಿ ಅತ್ಲಾಗೆ. ಅಲ್ಲಿ ಕೂರಾಕೆ ಇನ್ನೂ ಯಾರನ್ನೂ ಹಾಕಿಲ್ಲಲ್ಲ, ಬ್ಯಾಡ ಅನ್ನಾಕೆ ಯಾರಿದಾರೆ?'

ಒಪ್ಪಿಗೆಯಾಯಿತು. ಎಲ್ಲರಿಗೂ ಹೊಟ್ಟೆ ಹಗುರಾದ ಹಾಗೆ ನಗು. 'ಹಂಗಾದ್ರೆ ಎತ್ತೋರು ಯಾರು ಸರ್?' ಎಂದು ನಾನು ಕೇಳಿದೆ. 'ಹಾಕ್ತೀವಿ ಮೇಡಂ, ಹಾಕ್ತೀವಿ. ಮೊದ್ಲು ಮೆಣಸಿನಕಾಯಿ ತಗಳ್ರಿ, ಆರ್ತಾವೆ' ಎಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ನಾನು ಮುಟ್ಟಲಿಲ್ಲ.

ಉದ್ಘಾಟನೆಯ ದಿನ ನಾಲ್ಕು ಕೇಂದ್ರದಲ್ಲೂ ಫೋನಿಗೆ ಹೂವಿನ ಹಾರ ಹಾಕಿ, ಪಕ್ಕದಲ್ಲಿ ನಾವು ರೇಷ್ಮೆ ಸೀರೆಯುಟ್ಟೋ ಕೋಟು ಹಾಕಿಕೊಂಡೋ ನಿಲ್ಲಬೇಕೆಂದು ಆದೇಶ. ಕುಲಪತಿಗಳು ವೇದಿಕೆಯ ಮೇಲಿಂದ ನಮಗೆ ಒಬ್ಬೊಬ್ಬರಿಗೇ ಕರೆ ಮಾಡುತ್ತಾರೆ, ನಾವು 'ಧ್ವನಿ ಬಹಳ ಸ್ಪಷ್ಟವಾಗಿ ಕೇಳಿಸುತ್ತಿದೆ ಸರ್' ಎನ್ನಬೇಕು. ಚನ್ನಗಿರಿ ಆಯಿತು, ಹೊನ್ನಾಳಿ ಆಯಿತು, ಜಗಳೂರು ಆಯಿತು. ನ್ಯಾಮತಿಯ ಸರದಿ ಬರುವ ಹೊತ್ತಿಗೆ ಕರೆಂಟು ಹೋಯಿತು. ಹಾರ ಹಾಕಿಕೊಂಡ ಫೋನು ಸುಮ್ಮನೆ ಕೂತಿತ್ತು. ಅಷ್ಟರಲ್ಲಿ ನನ್ನ ಸ್ವಂತ ಮೊಬೈಲಿಗೆ ಯಾರೋ ಕರೆ ಮಾಡಿ, 'ಮೇಡಂ, ಇದ್ರಾಗೇ ಹೇಳಿಬಿಡ್ರಿ' ಎಂದು ಪಿಸುಗುಟ್ಟಿ ಮೈಕಿಗೆ ಹಿಡಿದರು. ಹೇಳಬೇಕಾದದ್ದನ್ನು ಹಲ್ಲು ಕಚ್ಚಿಕೊಂಡು ಹೇಳಿದೆ. ಆ ಕಡೆ ಚಪ್ಪಾಳೆ ಕೇಳಿಸಿತು.

ಅವತ್ತು ಇನ್ನೊಂದು ಹೆಗ್ಗಳಿಕೆಯನ್ನೂ ಹೇಳಿದರು. ಸಹಾಯವಾಣಿಯಲ್ಲಿ ಫೋನು ಎತ್ತಿದ ಕೂಡಲೇ, ಕರೆ ಮಾಡಿದವರ ಮೊಬೈಲಿಗೆ ದೂರು ಸಂಖ್ಯೆ ತಾನಾಗಿಯೇ ಬರುತ್ತದೆ. ಇನ್ನು ಮೇಲೆ ಆ ಸಂಖ್ಯೆಯಿಲ್ಲದೆ ಯಾವ ವಿಭಾಗವೂ ಯಾವ ದೂರನ್ನೂ ನೋಡುವುದಿಲ್ಲ. ಎಲ್ಲವೂ ಪಾರದರ್ಶಕ ಎಂದರು.

ಇಷ್ಟು ಹೇಳಿದ್ದು ಆ ಹೆಣ್ಣುಮಗಳ ಕಥೆಗಾಗಿ. ಜಗಳೂರು ಕಡೆ ಹುಟ್ಟಿದವಳು, ನ್ಯಾಮತಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದವಳು, ಅದೇ ಹಳ್ಳಿಯ ಅಂಗನವಾಡಿ ಟೀಚರ್. ಮಕ್ಕಳ ಜೊತೆ ಮಾತಾಡಿ ಮಾತಾಡಿ ದೊಡ್ಡವರ ಜೊತೆಯೂ ಅದೇ ಮೆತ್ತಗಿನ ದನಿಯಲ್ಲಿ ಮಾತಾಡುತ್ತಿದ್ದಳು. ಬಿ.ಎ. ಆದರೆ ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಅದಕ್ಕೆಂದೇ ಓದಿದಳು. ಕೊನೆಯ ವರ್ಷದ ಇತಿಹಾಸದ ಪರೀಕ್ಷೆಯ ದಿನ ದಾರಿಯಲ್ಲಿ ಗಂಡನ ಬೈಕು ಪಂಕ್ಚರ್ ಆಗಿ ನಡೆದುಕೊಂಡೇ ಬಂದಿದ್ದಳು. ನನ್ನ ಬಾಟಲಿಯ ನೀರನ್ನೇ ಕೊಟ್ಟು ಕೂರಿಸಿದೆ. ಗಂಟೆ ಬಾರಿಸುವವರೆಗೂ ಹಾಳೆ ಕೇಳಿ ಕೇಳಿ ಬರೆದಳು. ಕಣ್ಣಾರೆ ನೋಡಿದ್ದೇನೆ.

ಫಲಿತಾಂಶ ಬಂದಾಗ ಇತಿಹಾಸದ ಮುಂದೆ 'ಗೈರುಹಾಜರು' ಎಂದಿತ್ತು.

ಅವಳು ಗಲಾಟೆ ಮಾಡಲಿಲ್ಲ. ಹೇಳಿದ ಹಾಗೆ ಸಹಾಯವಾಣಿಗೆ ಫೋನು ಮಾಡಿದಳು. ಅಂಗನವಾಡಿಯ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿ, ಅವು ಮಲಗಿದ ಮೇಲೆ ದಿನಾ ಮಾಡುತ್ತಿದ್ದಳಂತೆ. ಫೋನು ರಿಂಗಾಗಿ ರಿಂಗಾಗಿ, ನಡುನಡುವೆ ಒಂದು ಹೆಣ್ಣು ದನಿ, 'ನಿಮ್ಮ ಕರೆ ನಮಗೆ ಬಹಳ ಮುಖ್ಯ, ದಯವಿಟ್ಟು ಕಾಯಿರಿ' ಎನ್ನುತ್ತಿತ್ತು. ಅವಳು ಕಾದಳು. ಅಷ್ಟು ನಯವಾಗಿ ಹೇಳುವಾಗ ಹೆಂಗೆ ಇಡೋದು ಮೇಡಂ ಎಂದು ಆಮೇಲೆ ನನಗೆ ಹೇಳಿದಳು. ಫಲಿತಾಂಶಕ್ಕೆ ಮೊದಲೇ ಅರ್ಜಿ ಹಾಕಿದ್ದ ಮೇಲ್ವಿಚಾರಕಿ ಹುದ್ದೆಯ ದಾಖಲೆ ಪರಿಶೀಲನೆಗೆ ಶುಕ್ರವಾರ ಬರಬೇಕೆಂದು ಆದೇಶ ಬಂದ ಮೇಲೆ, ಬುಧವಾರ ನನ್ನ ಕೇಂದ್ರದ ಮೆಟ್ಟಿಲು ಹತ್ತಿ ಬಂದಳು. ಮುಂದಿನ ಸಲ ಅರ್ಜಿ ಕರೆಯುವ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತಿತ್ತು. ಇದ್ದದ್ದು ಇದೊಂದೇ ಸಲ.

ನಾನು ನನ್ನ ಮೇಜಿನ ಫೋನಿನಿಂದ ನಾನೂರಿಪ್ಪತ್ತು ಒತ್ತಿದೆ. ಅದೇ ಹೆಣ್ಣು ದನಿ, ಅದೇ ಮಾತು. ಇಟ್ಟು ಉಪಕುಲಸಚಿವರ ನಂಬರು ಒತ್ತಿದೆ. ಅವರು ಎತ್ತಿದರು. ವಿಷಯ ಹೇಳಿದೆ.

'ದೂರು ಸಂಖ್ಯೆ ಎಷ್ಟು ಮೇಡಂ?'

'ಸಹಾಯವಾಣಿ ಯಾರೂ ಎತ್ತಲ್ಲ ಸರ್.'

'ಎತ್ತೋವರ್ಗೂ ಮಾಡ್ಬೇಕ್ರಿ. ಸಿಸ್ಟಮ್ ಅಂದ್ಮೇಲೆ ಸಿಸ್ಟಮ್' ಎಂದು ಇಟ್ಟರು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಹೊರಟೆ. ಅವಳು ಅಂಗನವಾಡಿಗೆ ರಜೆ ಹಾಕಿ, ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ ಬಂದಿದ್ದಳು. ಹೊನ್ನಾಳಿಯ ಸೇತುವೆ ದಾಟುವಾಗ ಬ್ಯಾಗಿನಿಂದ ಚಪಾತಿ ತೆಗೆದು ನನಗೊಂದು ಕೊಟ್ಟಳು. 'ಬರ್ದಿದೀನಿ ಅಂತ ನಿಮ್ಗೆ ಗೊತ್ತೈತಲ್ರಿ ಮೇಡಂ, ಅಷ್ಟು ಸಾಕು, ಆಗ್ತೈತೆ ಬಿಡ್ರಿ' ಎಂದು ನನಗೇ ಧೈರ್ಯ ಹೇಳಿದಳು.

ಪರೀಕ್ಷಾ ವಿಭಾಗದ ಪ್ರತಿ ಮೇಜಿನ ಮೇಲೂ ಒಂದೊಂದು ಕಪ್ಪು ಫೋನು. ಎಲ್ಲದಕ್ಕೂ ಆಯುಧಪೂಜೆಯ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವು. ಉಪಕುಲಸಚಿವರ ಫೋನಿಗಂತೂ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಅವರ ಮೇಜಿನ ಹಿಂದೆ ಪ್ಲೈವುಡ್ಡಿನ ಗೋಡೆ, ಅದರಾಚೆ ಸಹಾಯವಾಣಿಯ ಕೋಣೆ. ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಮೇಜು, ಒಂದು ಕುರ್ಚಿ, ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಒಂದು ಫೋನು. ಅದಕ್ಕೆ ಹೂವಿಲ್ಲ, ವಿಭೂತಿಯಿಲ್ಲ. ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ಕಿತ್ತಿರಲಿಲ್ಲ. ಅದು ಕೂಗುತ್ತಲೇ ಇತ್ತು. ನಿಲ್ಲುವುದು, ಒಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಶುರು. ಆ ಸದ್ದಿನ ನಡುವೆ ಇಡೀ ವಿಭಾಗ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿತ್ತು. ಥೂ ಅನ್ನಿಸಿತು. ಮನುಷ್ಯರು ಯಾವುದಕ್ಕಾದರೂ ಒಗ್ಗಿಕೊಳ್ಳುತ್ತಾರೆ ಎಂದು ಗೊತ್ತಿತ್ತು, ಇದಕ್ಕೂ ಒಗ್ಗಿಕೊಳ್ಳುತ್ತಾರೆ ಎಂದು ಗೊತ್ತಿರಲಿಲ್ಲ.

'ದೂರು ಸಂಖ್ಯೆ ತಂದ್ರಾ?' ಎಂದು ಉಪಕುಲಸಚಿವರು ಆ ಸದ್ದಿನ ಮೇಲೆ ದನಿ ಏರಿಸಿ ಕೇಳಿದರು.

'ಸರ್, ನಾವೇ ಎದುರಿಗೆ ಬಂದು ನಿಂತೀವಲ್ಲ. ಹಾಜರಿ ಹಾಳೆ ನೋಡಿ, ಅವಳ ಸಹಿ ಇರ್ತೈತೆ.'

'ನೀವು ಎದುರಿಗಿದ್ರೆ ಸಿಸ್ಟಮ್‌ಗೆ ಹೆಂಗೆ ಗೊತ್ತಾಗ್ಬೇಕು? ಹೊರಗೆ ಹೋಗಿ ಸಹಾಯವಾಣಿಗೆ ಮಾಡ್ರಿ.'

'ಅದು ನಿಮ್ಮ ಬೆನ್ನ ಹಿಂದೇನೇ ಹೊಡ್ಕಂತಾ ಐತಲ್ಲ ಸರ್. ಯಾರಾದ್ರೂ ಎತ್ತಬಾರದಾ?'

'ಅದು ನನ್ನ ನಂಬರ್ ಅಲ್ಲ' ಎಂದು ಅವರು ಕಾಫಿ ಲೋಟ ಕೈಗೆತ್ತಿಕೊಂಡರು.

ಕಾರಿಡಾರಿಗೆ ಬಂದು, ಅವಳ ಮೊಬೈಲನ್ನೇ ಕೇಳಿ ಪಡೆದು ಸಹಾಯವಾಣಿಗೆ ಕರೆ ಮಾಡಿದೆ. ಕಿವಿಯಲ್ಲಿ 'ನಿಮ್ಮ ಕರೆ ನಮಗೆ ಬಹಳ ಮುಖ್ಯ', ಒಳಗಿನ ಕೋಣೆಯಲ್ಲಿ ಅದೇ ಕರೆಯ ಗಂಟೆ. ಎರಡೂ ಒಟ್ಟಿಗೆ ಕೇಳುತ್ತ ಗೋಡೆಗೆ ಒರಗಿ ನಿಂತೆ. ಆಗ ಅವಳು ನನ್ನ ಮುಖ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಯಾರನ್ನೂ ಕೇಳದೆ ಸಹಾಯವಾಣಿಯ ಕೋಣೆಗೆ ಹೋಗಿ ಫೋನು ಎತ್ತಿದಳು.

'ಹಲೋ, ಹೇಳ್ರಿ' ಎಂದಿತು ನನ್ನ ಕಿವಿಯಲ್ಲಿ ಅವಳದೇ ದನಿ.

ಕೈಯಲ್ಲಿದ್ದ ಮೊಬೈಲು ಟಿಣ್ ಎಂದಿತು. ದೂರು ಸಂಖ್ಯೆ ಬಂದಿತ್ತು.

ಅದನ್ನು ಉಪಕುಲಸಚಿವರ ಮೂಗಿನ ಮುಂದೆ ಹಿಡಿದೆ. ಅವರಿಗೆ ನಾಚಿಕೆಯಾಗಬಹುದು, ಇಲ್ಲವೇ ಸಿಟ್ಟಾದರೂ ಬರಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಸಂಖ್ಯೆಯನ್ನು ನಿಧಾನವಾಗಿ ಕಂಪ್ಯೂಟರಿಗೆ ಹಾಕಿ, 'ನೋಡಿದ್ರಾ, ಬಂತಲ್ಲ. ಇದನ್ನೇ ನಾನು ಬೆಳಗಿಂದ ಹೇಳ್ತಿದ್ದುದು' ಎಂದರು. ಎತ್ತಿದವರು ಯಾರು ಎಂದು ಕೇಳಲೇ ಇಲ್ಲ.

ಹಾಜರಿ ಹಾಳೆ ಹುಡುಕಬೇಕಿತ್ತು. ಆ ಕೆಲಸದವರು ರಜೆ. ನಾನೇ ಕೀಲಿ ಕೇಳಿಕೊಂಡು, ನೆಲದ ಮೇಲೆ ಕೂತು, ದೂಳಿಗೆ ಸೀನುತ್ತ ಕಟ್ಟು ಬಿಚ್ಚಿದೆ. ಅಷ್ಟು ಹೊತ್ತೂ ಅವಳು ಸಹಾಯವಾಣಿಯ ಕೋಣೆಯಲ್ಲಿದ್ದಳು. ಒಮ್ಮೆ ಇಟ್ಟ ಫೋನು ತಕ್ಷಣ ಮತ್ತೆ ಕೂಗಿತ್ತು. ಅವಳು ಎತ್ತಿದ್ದಳು. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಪ್ಲೈವುಡ್ಡಿನ ಗೋಡೆಯಾಚೆ ಅವಳ ದನಿ ನನಗೆ ಕೇಳುತ್ತಿತ್ತು. ಚನ್ನಗಿರಿಯ ಒಬ್ಬ ಹುಡುಗಿಗೆ ಹಾಲ್ ಟಿಕೆಟ್ಟಿನಲ್ಲಿ ಬೇರೆ ಯಾರದೋ ಫೋಟೋ ಬಂದಿತ್ತು. ಸೂಳೆಕೆರೆ ಕಡೆಯ ಒಬ್ಬ ಯಜಮಾನರು ಮಗಳ ಪರವಾಗಿ ಮಾತಾಡಿದರು, ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಅಂತ ಕಾಣುತ್ತೆ, ಅವಳು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. 'ಅಳಬ್ಯಾಡಮ್ಮ. ನಿನ್ನ ಮೊಬೈಲ್‌ಗೆ ಒಂದು ನಂಬರ್ ಬರ್ತೈತೆ, ಅದನ್ನ ಅಳಿಸ್ಬ್ಯಾಡ. ಅದನ್ನ ಹಿಡ್ಕಂಡು ಬಸ್ ಹತ್ತಿ ಬಂದ್ಬಿಡು. ಫೋನಾಗೆ ಆಗಲ್ಲ, ಎದುರಿಗೆ ನಿಂತ್ಕೋಬೇಕು.' ಆ ಫೋನಿನಲ್ಲಿ ಯಾರಾದರೂ ಆಡಿದ ಒಂದೇ ಒಂದು ನಿಜವಾದ ಮಾತು ಅದು.

ಹಾಳೆ ಸಿಕ್ಕಿತು. ಅವಳ ಸಹಿ ದುಂಡಗೆ, ಮಕ್ಕಳಿಗೆ ಅಕ್ಷರ ತಿದ್ದಿಸುವವರ ಸಹಿಯ ಹಾಗೆ ಎದ್ದು ಕಾಣುತ್ತಿತ್ತು. ಉತ್ತರಪತ್ರಿಕೆಯೂ ಸಿಕ್ಕಿತು, ಅಂಕವೂ ಇತ್ತು, ಪಾಸಾಗಿದ್ದಳು. ಕಂಪ್ಯೂಟರಿಗೆ ಹಾಕುವವರು ಒಂದು ಸಾಲು ಬಿಟ್ಟಿದ್ದರು, ಅಷ್ಟೇ.

'ಬರ್ದಿದಾರೆ ಬಿಡ್ರಿ, ನಂದೇನೂ ತಕರಾರಿಲ್ಲ' ಎಂದರು ಉಪಕುಲಸಚಿವರು. 'ಆದ್ರೆ ತಿದ್ದುಪಡಿ ಪತ್ರಕ್ಕೆ ದೊಡ್ಡ ಸಾಹೇಬ್ರ ಸಹಿ ಬೇಕು, ಕುಲಸಚಿವ್ರದು. ಅವರು ಚನ್ನಗಿರಿಗೆ ಗೃಹಪ್ರವೇಶದ ಊಟಕ್ಕೆ ಹೋಗಿದಾರೆ. ನಾಳೆನೂ ಇರಲ್ಲ.'

'ಒಂದು ಫೋನ್ ಮಾಡಿ ಕೇಳ್ರಿ ಸರ್. ಎಲ್ಲಿದಾರೋ ಅಲ್ಲಿಗೇ ಹೋಗಿ ಸಹಿ ಹಾಕಿಸ್ಕಂಡು ಬರ್ತೀವಿ.'

ಅವರು ಕಸೂತಿ ಬಟ್ಟೆ ಸರಿಸಿ, ದೊಡ್ಡ ಸಾಹೇಬರ ಮೂರಂಕಿಯ ನಂಬರು ಒತ್ತಿದರು. ಕಾರಿಡಾರಿನ ಆ ತುದಿಯ ಬೀಗ ಹಾಕಿದ ಕೋಣೆಯಲ್ಲಿ ಫೋನು ರಿಂಗಾಗುವುದು ನಮ್ಮೆಲ್ಲರಿಗೂ ಕೇಳಿಸಿತು. ಸ್ವಲ್ಪ ಹೊತ್ತು ಕಿವಿಗಿಟ್ಟುಕೊಂಡಿದ್ದು, 'ಎತ್ತುತಿಲ್ಲ' ಎಂದು ಇಟ್ಟರು.

'ಚನ್ನಗಿರೀಲಿ ಊಟಕ್ಕೆ ಕೂತಿದಾರೆ ಅಂತ ನೀವೇ ಈಗ ಹೇಳಿದ್ರಲ್ಲ ಸರ್.'

'ಹೂಂ ಮತ್ತೆ. ಅದ್ಕೇ ಎತ್ತುತಿಲ್ಲ.'

'ಮೊಬೈಲ್‌ಗೆ ಮಾಡ್ರಿ.'

'ದೊಡ್ಡೋರ ಮೊಬೈಲ್‌ಗೆಲ್ಲ ಹಂಗೆ ಮಾಡಾಕೆ ಬರಲ್ಲ ಮೇಡಂ. ಆಫೀಸ್ ಕೆಲ್ಸಕ್ಕೆ ಆಫೀಸ್ ಫೋನ್.'

ನನ್ನ ಬಾಯಿಗೆ ಏನೇನು ಬಂತೋ ಎಲ್ಲ ಅಂದೆ. ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದೇ ತಿರುಗಿ ನೋಡಿದರು. ಉಪಕುಲಸಚಿವರು ಮಾತ್ರ ಕಸೂತಿ ಬಟ್ಟೆಯನ್ನು ಫೋನಿನ ಮೇಲೆ ಮತ್ತೆ ಹೊದಿಸಿ ನಾಲ್ಕು ಮೂಲೆಯನ್ನೂ ಸರಿಮಾಡಿದರು. ಅಂಥವರಿಗೆ ಬೈದರೆ ನಮ್ಮ ಗಂಟಲು ಒಣಗುತ್ತದೆ, ಅಷ್ಟೇ. ಸಾಹೇಬರ ಮೊಬೈಲ್ ನಂಬರು ನನ್ನ ಹತ್ತಿರ ಇರಲಿಲ್ಲ, ಕೊಡುವವರೂ ಇರಲಿಲ್ಲ. ಅವಳನ್ನು ಕರೆಯಲು ಹೋದಾಗ, ಅವಳು ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತ, ಒಂದು ಕೈ ಎತ್ತಿ 'ಒಂದ್ನಿಮಿಷ ಮೇಡಂ' ಎಂದು ಸನ್ನೆ ಮಾಡಿದಳು.

ಶುಕ್ರವಾರ ಅವಳು ಹಾಜರಿ ಹಾಳೆಯ ಜೆರಾಕ್ಸ್ ಹಿಡಿದುಕೊಂಡು ದಾಖಲೆ ಪರಿಶೀಲನೆಗೆ ಹೋದಳು. ತಿದ್ದಿದ ಅಂಕಪಟ್ಟಿ ಇಲ್ಲದೆ ಆಗುವುದಿಲ್ಲ ಎಂದರು. ಸೋಮವಾರ ತರುತ್ತೇನೆ ಎಂದಳು. ಸೋಮವಾರ ಆಯ್ಕೆ ಪಟ್ಟಿಯೇ ಹೊರಗೆ ಬಿದ್ದಿರುತ್ತದೆ ಎಂದರು. ಹಾಗೆಯೇ ಬಿತ್ತು, ಅವಳ ಹೆಸರಿಲ್ಲದೆ. ತಿದ್ದುಪಡಿ ಪತ್ರ ಆಮೇಲೆ ಯಾವಾಗಲೋ ಅಂಚೆಯಲ್ಲಿ ನನ್ನ ಕೇಂದ್ರಕ್ಕೆ ಬಂತು. ಸಹಿ ಬಹಳ ಚೆನ್ನಾಗಿತ್ತು. ಅವಳು ಓದಿ, ಮಡಿಸಿ, ಬ್ಯಾಗಿಗೆ ಹಾಕಿಕೊಂಡಳು. 'ಪಾಸಾಗಿದೀನಲ್ರಿ, ಅದೊಂದು ಗೊತ್ತಾತು' ಎಂದಳು. ಅವಳು ಅಳಲಿಲ್ಲ. ನನಗೇ ಅವತ್ತು ಊಟ ಸೇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೋ ಏನೋ. ಫೋನು ಬಂದು ವರ್ಷವಾದಾಗ ದೊಡ್ಡ ಸಭಾಂಗಣದಲ್ಲಿ ಸಮಾರಂಭ ಮಾಡಿದರು. ನಾಲ್ಕು ಕೇಂದ್ರದವರೂ ಬರಲೇಬೇಕೆಂದರು. ಉಪಕುಲಸಚಿವರು ಪರದೆಯ ಮೇಲೆ ಚಿತ್ರ ತೋರಿಸುತ್ತ ಸಹಾಯವಾಣಿಯ ಸಾಧನೆ ವಿವರಿಸಿದರು. ಎತ್ತಿದ ಕರೆಗಳ ಲೆಕ್ಕವನ್ನು ದಿನದಿನಕ್ಕೂ ಕಂಬ ನಿಲ್ಲಿಸಿ ತೋರಿಸುವ ಚಿತ್ರ ಅದು. ಆ ತುದಿಯಿಂದ ಈ ತುದಿಯವರೆಗೆ ಇಡೀ ವರ್ಷ ಬರೀ ನೆಲ. ನಡುವೆ ಒಂದೇ ಒಂದು ಹಸಿರು ಕಂಬ, ಪರದೆಯ ಮೇಲಂಚು ಮುಟ್ಟುವ ಹಾಗೆ ಎದ್ದು ನಿಂತಿತ್ತು.

'ಒಂದೇ ದಿನದಲ್ಲಿ ಇಷ್ಟು ವಿದ್ಯಾರ್ಥಿಗಳಿಗೆ ಸ್ಪಂದಿಸುವ ಶಕ್ತಿ ನಮ್ಮ ವ್ಯವಸ್ಥೆಗೆ ಇದೆ' ಎಂದರು ಅವರು ಕಡ್ಡಿಯಿಂದ ಆ ಕಂಬವನ್ನು ಮುಟ್ಟಿ. ಉಳಿದ ದಿನಗಳು ಯಾಕೆ ಖಾಲಿ ಎಂದು ಕುಲಪತಿಗಳು ಕೇಳಿದರು. 'ಉಳಿದ ದಿನ ದೂರುಗಳೇ ಇರಲಿಲ್ಲ ಸರ್.'

ಚಪ್ಪಾಳೆ ಬಿತ್ತು. ಎದ್ದು ನಿಂತೆ. 'ಆ ದಿನ ಯಾವುದು ಅಂತ ನನಗೆ ಗೊತ್ತು ಸರ್. ಅವತ್ತು ಫೋನ್ ಎತ್ತಿದ್ದು ನಿಮ್ಮ ವ್ಯವಸ್ಥೆ ಅಲ್ಲ. ನೀವು ಗೈರುಹಾಜರು ಅಂತ ಬರೆದಿದ್ರಲ್ಲ, ಆ ಹೆಣ್ಣುಮಗಳು. ಇಡೀ ವರ್ಷದಲ್ಲಿ ಇಲ್ಲಿ ಹಾಜರಿದ್ದವಳು ಅವಳೊಬ್ಬಳೇ' ಎಂದೆ. ಮೈಕಿರಲಿಲ್ಲ, ಆದರೂ ಕೊನೆಯ ಸಾಲಿನವರೆಗೂ ಕೇಳಿಸಿತು. ಆಮೇಲೆ ಕುಲಪತಿಗಳು, 'ಒಳ್ಳೆ ಸಲಹೆ ಮೇಡಂ, ಗಮನಿಸ್ತೀವಿ' ಎಂದರು. ನನ್ನ ಮಾತಿಗೂ ಚಪ್ಪಾಳೆ ತಟ್ಟಿದರು. ಹೋಳಿಗೆ ಊಟವಿತ್ತು. ನಾನು ನೀರನ್ನೂ ಮುಟ್ಟದೆ ಬಸ್ ಸ್ಟ್ಯಾಂಡಿಗೆ ನಡೆದೆ. ಆ ವರ್ಷದ ಕೊನೆಗೆ ಕೆಲಸವನ್ನೂ ಬಿಟ್ಟೆ.

ಆ ಸಮಾರಂಭದ ಮರುದಿನವೇ ಅವಳ ಅಂಗನವಾಡಿಗೆ ಹೋಗಿದ್ದೆ. ಹೇಳದೆ ಇರಲು ಆಗಲಿಲ್ಲ. ಮಕ್ಕಳು ಸಾಲಾಗಿ ಕೂತು ಅನ್ನ ಸಾರು ಉಣ್ಣುತ್ತಿದ್ದವು. ಅವಳು ಒಂದು ಮಗುವಿನ ಮೂಗು ಒರೆಸುತ್ತ ನನ್ನ ಮಾತೆಲ್ಲ ಕೇಳಿದಳು. ಹಸಿರು ಕಂಬದ ವಿಷಯ ಹೇಳಿದಾಗ ನಕ್ಕಳು. 'ಅಷ್ಟು ಎತ್ತರ ಇದ್ನೇನ್ರೀ ನಾನು?' ಎಂದಳು.

ಅಷ್ಟರಲ್ಲಿ ಕಿಟಕಿಯ ಮೇಲಿಟ್ಟಿದ್ದ ಅವಳ ಮೊಬೈಲು ಕೂಗಿತು.

'ಇದು ಚನ್ನಗಿರಿ ಕಡೆದು' ಎಂದಳು ಪರದೆ ನೋಡಿ. 'ಅವತ್ತು ಆ ಹುಡ್ಗಿಗೆ ನನ್ನ ನಂಬರ್ ಕೊಟ್ಟಿದ್ದೆ, ಬಂದಾಗ ದಾರಿ ತಪ್ಪಿದ್ರೆ ಮಾಡು ಅಂತ. ಅವಳು ಯಾರ್ಗೋ ಕೊಟ್ಲು, ಅವರು ಇನ್ಯಾರ್ಗೋ ಕೊಟ್ರು. ಈಗ ದಿನಾ ಬರ್ತಾವ್ರಿ. ಹೊನ್ನಾಳಿಂದ ಮಾಡ್ತಾರೆ, ನಮ್ಮ ಜಗಳೂರಿಂದನೂ ಮಾಡ್ತಾರೆ. ಯುನಿವರ್ಸಿಟಿ ಫೋನ್ ಅಂತಾನೇ ತಿಳ್ಕಂಡಿದಾರೆ ಕೆಲವ್ರು.'

ನನಗೆ ತಲೆಗೇರಿತು. 'ಎತ್ತಬೇಡ' ಎಂದೆ. 'ಇಡು ಅದನ್ನ. ಅವರು ನಿನ್ನ ಬದುಕು ಹಾಳು ಮಾಡಿದಾರೆ, ನೀನು ಇಲ್ಲಿ ಕೂತು ಅವರ ಕೆಲಸ ಮಾಡ್ತೀಯಾ? ಬಿಟ್ಟಿ?'

ಮೊಬೈಲು ಕೂಗುತ್ತಲೇ ಇತ್ತು. ಮಕ್ಕಳು ಉಣ್ಣುವುದನ್ನು ಬಿಟ್ಟು ನಮ್ಮಿಬ್ಬರನ್ನೂ ನೋಡಿದವು.

'ನಾ ಎಷ್ಟು ದಿನ ಫೋನ್ ಮಾಡಿ ಕಾದಿದ್ದೆ ಅಂತ ನಿಮ್ಗೆ ಗೊತ್ತಲ್ರಿ ಮೇಡಂ' ಎಂದಳು. ಕೈ ಒರೆಸಿಕೊಂಡು, ಎತ್ತಿ, 'ಹಲೋ, ಹೇಳ್ರಿ' ಎಂದಳು.